ಫೋಟೋದಲ್ಲಿ ಇಲ್ಲದ ಗಂಡ

ಮಾರ್ಚ್ 3, ಸೋಮವಾರ

ವೇದಿಕೆಯ ಮೇಲೆ ವಿರಾಜಮಾನರಾಗಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹಾಜನಗಳೇ, ಇನ್ನೂರು ಪುಟದ ಈ ಗೆರೆ ಹಾಕಿದ ದಿನಚರಿ ಪುಸ್ತಕವನ್ನು ತಮ್ಮ ಸಮ್ಮುಖದಲ್ಲಿ ಲೋಕಾರ್ಪಣೆ ಮಾಡಲು ನನಗೆ ಅತೀವ ಹರ್ಷವಾಗುತ್ತಿದೆ. ನನ್ನ ಪರಿಚಯ: ವಯಸ್ಸು ನಲವತ್ತಾರು, ಕನ್ನಡ ಮಾಧ್ಯಮದ ಬಿ.ಎ., ಇಪ್ಪತ್ತೆರಡು ವರ್ಷಗಳಿಂದ ಫೋಟೋ ಸ್ಟುಡಿಯೋ, ಒಂಬತ್ತು ವರ್ಷಗಳಿಂದ ಒಬ್ಬಳ ಗಂಡ. ಇದರಲ್ಲಿ ಕೊನೆಯದೊಂದು ಬಿಟ್ಟು ಉಳಿದದ್ದನ್ನೆಲ್ಲ ಸರ್ಕಾರ ನಂಬಿದೆ.

ನನ್ನ ಹೆಂಡತಿ ಎರಡೂಕಾಲು ವರ್ಷದಿಂದ ಹೊರದೇಶದಲ್ಲಿದ್ದಾಳೆ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಕೆಲಸ. ಅಲ್ಲೇ ನೆಲೆಸುವ ಪರವಾನಗಿ ಸಿಕ್ಕ ಮೇಲೆ ನನ್ನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಆ ಅರ್ಜಿಯಲ್ಲಿ ಅವಳು ಹೆಂಡತಿ ಅಲ್ಲ, "ಪ್ರಾಯೋಜಕಿ". ನಾನು ಗಂಡ ಅಲ್ಲ, "ಅವಲಂಬಿತ". ಅವರೇ ಇಟ್ಟ ಹೆಸರು, ಇರಲಿ, ಹಾಗೇ ಕರೆಯೋಣ.

ಇವತ್ತು ವಲಸೆ ಕಚೇರಿಯಿಂದ ಪತ್ರ ಬಂತು. "ಸಲ್ಲಿಸಿರುವ ದಾಖಲೆಗಳಿಂದ ತಮ್ಮ ದಾಂಪತ್ಯವು ನೈಜವೆಂದು ಮನವರಿಕೆಯಾಗಿಲ್ಲ." ಮೂವತ್ತು ದಿನದೊಳಗೆ ಇನ್ನಷ್ಟು ಪುರಾವೆ ಕೊಡಬೇಕಂತೆ. ಇಬ್ಬರೂ ಒಟ್ಟಿಗಿರುವ ಫೋಟೋಗಳು, ಪತ್ರವ್ಯವಹಾರ, ಬಂಧುಗಳ ಹೇಳಿಕೆ. ಮದುವೆ ನೋಂದಣಿ ಪತ್ರ ಕೊಟ್ಟಾಗಿದೆ. ಅದರಿಂದ ನಾವು ಮದುವೆಯಾಗಿರುವುದು ಮಾತ್ರ ತಿಳಿಯುತ್ತದಂತೆ, ಗಂಡಹೆಂಡತಿ ಎಂಬುದು ತಿಳಿಯುವುದಿಲ್ಲವಂತೆ.

ಮನವರಿಕೆಯಾಗಿಲ್ಲವಂತೆ! ಯಾರಿಗೆ? ಯಾವ ಮೇಜಿನ ಹಿಂದೆ ಕೂತವನಿಗೆ? ಅವನ ಮದುವೆಯ ಬಗ್ಗೆ ಅವನ ಹೆಂಡತಿಗೆ ಮನವರಿಕೆಯಾಗಿದೆಯೋ?

ಮದುವೆಯಾಗಿ ಕಳೆದವು ಒಂಬತ್ತು ವರುಷ,
ಪುರಾವೆ ಕೊಟ್ಟರಷ್ಟೇ ಸರ್ಕಾರಕ್ಕೆ ಹರುಷ.

ಚಪ್ಪಾಳೆ ಬೇಡ, ಕೂತುಕೊಳ್ಳಿ.

ಮಾರ್ಚ್ 5, ಬುಧವಾರ

ಅರ್ಜಿ ತುಂಬಿಸುವ ಏಜೆಂಟನ ಹತ್ತಿರ ಹೋಗಿದ್ದೆ. ಸಿಕ್ಕಿದ್ದಕ್ಕೆಲ್ಲ ಪಿನ್ನು ಹೊಡೆಯುವುದು ಅವನ ಚಟ. ಹೊಡೆಯಲು ಕಾಗದ ಇಲ್ಲದಿದ್ದರೆ ಗಾಳಿಗೇ ಹೊಡೆಯುತ್ತಾನೆ. ಮನಸ್ಸಿನಲ್ಲಿ ನಾನು ಅವನಿಗೆ ಇಟ್ಟ ಹೆಸರು ಸ್ಟೇಪ್ಲರ್.

"ಮಕ್ಕಳು?" ಅಂದ.

"ಇಲ್ಲ."

"ಛೇ. ಒಂದಿದ್ದಿದ್ರೆ ಫೈಲು ಗಟ್ಟಿಯಾಗ್ತಿತ್ತು ಸಾರ್."

ಈ ವಿಷಯಕ್ಕೆ ಬಂಧುಗಳು, ಡಾಕ್ಟರು, ಪಕ್ಕದ ಮನೆಯವರು ಏನೇನೋ ಅಂದಿದ್ದಾರೆ. ಫೈಲಿನ ದೃಷ್ಟಿಯಿಂದ ಮರುಗಿದವನು ಇವನೊಬ್ಬನೇ.

"ಮೆಸೇಜು ತೋರ್ಸಿ."

ತೋರಿಸಿದೆ. ಅವನು ಜೋರಾಗಿ ಓದಿದ, ಪಕ್ಕದಲ್ಲಿ ಕಾಯುತ್ತಿದ್ದವರೆಲ್ಲ ಕೇಳುವ ಹಾಗೆ. "'ತಲುಪಿದೆ.' 'ಸರಿ.' 'ಊಟ?' 'ಆಯ್ತು.' 'ಸರಿ.' 'ಜ್ವರ ಹೋಯ್ತಾ?' 'ಹೋಯ್ತು.' 'ಸರಿ.' ಸಾರ್, ಇದು ಗಂಡ ಹೆಂಡ್ತಿನಾ, ಕೊರಿಯರ್ ಆಫೀಸಾ?"

"ನಿಮ್ಮನೇಲಿ ಹೇಗೆ?" ಅಂದೆ.

"ನಮ್ಮನೇಲೂ ಹಿಂಗೇ. ಆದ್ರೆ ನಾನು ಅರ್ಜಿ ಹಾಕಿಲ್ವಲ್ಲ ಸಾರ್." ಗಾಳಿಗೆ ಒಂದು ಪಿನ್ನು ಹೊಡೆದ. "ಹೋಗ್ಲಿ ಬಿಡಿ, ಫೋಟೋಕ್ಕಂತೂ ಬರ ಇಲ್ಲ. ನೀವೇ ಸ್ಟುಡಿಯೋದವ್ರು. ಇಬ್ರೂ ಜೊತೇಲಿರೋದು ಹತ್ತು ಹದಿನೈದು ತಂದ್ಬಿಡಿ, ಮಿಕ್ಕಿದ್ದು ನನಗೆ ಬಿಡಿ."

ಮಾರ್ಚ್ 14, ಶುಕ್ರವಾರ

ಒಂದೂ ಇಲ್ಲ.

ನಾಲ್ಕು ದಿನ ಗಿರಾಕಿಗಳನ್ನು ಹಿಂದಕ್ಕೆ ಕಳಿಸಿ ಹಾರ್ಡ್ ಡಿಸ್ಕುಗಳನ್ನೆಲ್ಲ ಜಾಲಾಡಿದೆ. ಪ್ರಾಯೋಜಕಿಯ ಫೋಟೋ ನಾಲ್ಕು ಸಾವಿರದ ಚಿಲ್ಲರೆ ಇವೆ. ಕಿಟಕಿಯ ಬೆಳಕಲ್ಲಿ, ಬೆಳಕಿಗೆ ಬೆನ್ನು ಹಾಕಿ, ತಲೆ ಒರೆಸಿಕೊಳ್ಳುತ್ತ, ಬಸ್ಸಿನ ಮೆಟ್ಟಿಲ ಮೇಲೆ, ಸಮುದ್ರದ ಎದುರು, ಹೊಸ ಲೆನ್ಸು ಪರೀಕ್ಷೆ ಮಾಡುವಾಗ ಒಂದೇ ಗೋಡೆಗೆ ಒರಗಿ ಅರವತ್ತು ಸಲ. ನಾನು? ಸಮುದ್ರದ ಫೋಟೋದಲ್ಲಿ ಮರಳಿನ ಮೇಲೆ ಬಿದ್ದ ಒಂದು ನೆರಳು. ಆ ನೆರಳಿಗೆ ಮೂರು ಕಾಲಿದೆ, ಟ್ರೈಪಾಡಿನದು.

ನಮ್ಮ ಮದುವೆಗೆ ಫೋಟೋಗ್ರಾಫರ್ ಯಾರೆಂದು ಕೇಳಿದಿರಾ? ನಾನೇ. ನೋಂದಣಿ ಕಚೇರಿಯಲ್ಲಿ ಬೇರೆ ಯಾರ ಕೈಗೂ ಕ್ಯಾಮೆರಾ ಕೊಡಲು ಮನಸ್ಸಾಗಲಿಲ್ಲ. ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿದೆ. ಫೋಟೋದಲ್ಲಿ ಅವಳು ಸ್ಪಷ್ಟವಾಗಿದ್ದಾಳೆ, ಅಧಿಕಾರಿಯ ಮೇಜಿನ ಮೇಲಿನ ಗಂಟೆಯೂ ಸ್ಪಷ್ಟವಾಗಿದೆ. ಎಡಗಡೆಯಿಂದ ಒಂದು ಮಸುಕಾದ ಭುಜ ನುಗ್ಗುತ್ತಿದೆ. ಸ್ಟೇಪ್ಲರ್ ಕಣ್ಣಿಗೆ ಬಿದ್ದರೆ "ಯಾವನೋ ಕಳ್ಳ ಓಡ್ತಿದಾನೆ ಸಾರ್" ಅಂದಾನು.

ಮಧ್ಯಾಹ್ನ ಫೋನು ಮಾಡಿದೆ. ಅಲ್ಲಿ ಅವಳಿಗೆ ಬೆಳಗಿನ ಬಿಡುವು.

"ಒಂದೂ ಇಲ್ವಾ ರೀ?"

"ನೀನಾದ್ರೂ ಒಂದು ತೆಗೀಬಹುದಿತ್ತಲ್ಲ!"

"ಕ್ಯಾಮೆರಾ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ರಿ. ಮದುವೆ ಆದ ಎರಡನೇ ವಾರ."

"ತಮಾಷೆಗೆ ಅಂದಿದ್ದು."

"ಹೌದಾ? ನಗೋದು ಮರೆತುಬಿಟ್ಟೆ." ಇಟ್ಟುಬಿಟ್ಟಳು.

ಪಕ್ಕಕ್ಕೆ ನಿಂತರೆ ಮಾತ್ರ ಗಂಡನಂತೆ,
ಕ್ಯಾಮೆರಾ ಹಿಡಿದವನು ದಂಡವಂತೆ.

ನಾಲ್ಕು ಸಾವಿರ ಸಲ ಒಬ್ಬಳನ್ನೇ ನೋಡಿದ್ದೇನೆ ಎಂಬುದು ಇವರ ಯಾವ ಖಾನೆಗೂ ಬರುವುದಿಲ್ಲ. ಬೆಂಕಿ ಹಾಕಬೇಕು ಆ ಖಾನೆಗಳಿಗೆ.

ಮಾರ್ಚ್ 22, ಶನಿವಾರ

ಸಭಾಸದರೇ, ಒಂದು ವೃತ್ತಿರಹಸ್ಯ. ನಮ್ಮ ಸ್ಟುಡಿಯೋಗಳಲ್ಲಿ ದಿನವೂ ನಡೆಯುವ ಕೆಲಸವೊಂದಿದೆ, ಅದಕ್ಕೆ ನಾವು "ಸೇರಿಸೋದು" ಅನ್ನುತ್ತೇವೆ. ಮನೆಮಂದಿಯೆಲ್ಲ ನಿಂತ ಫೋಟೋ ತರುತ್ತಾರೆ, ಜೊತೆಗೆ ತೀರಿಕೊಂಡ ತಂದೆಯ ಗುರುತುಚೀಟಿ. "ಅಪ್ಪನ್ನ ಮಧ್ಯದಲ್ಲಿ ಸೇರಿಸಿಕೊಡಿ." ಸೇರಿಸುತ್ತೇವೆ. ಕೋಟು ತೊಡಿಸುತ್ತೇವೆ, ಕೆನ್ನೆಗೆ ಬೆಳಕು ಕೊಡುತ್ತೇವೆ, ಮೊಮ್ಮಗನ ಹೆಗಲ ಮೇಲೆ ಕೈ ಇಡಿಸುತ್ತೇವೆ. ಆ ಮೊಮ್ಮಗ ಹುಟ್ಟುವ ಮೊದಲೇ ಅಜ್ಜ ಹೋಗಿರುತ್ತಾನೆ. ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ. ಗೋಡೆಗೆ ಹಾಕಿಕೊಂಡು ಅಳುತ್ತಾರೆ.

ಈ ವಾರ ನನ್ನನ್ನು ನಾನೇ ಸೇರಿಸಿಕೊಂಡೆ. ಹದಿನಾಲ್ಕು ಫೋಟೋ ಆರಿಸಿ, ಹದಿನಾಲ್ಕರಲ್ಲೂ ಅವಳ ಪಕ್ಕ ನಿಂತೆ. ಒಂಬತ್ತು ವರ್ಷದ ಕೂದಲನ್ನು ವರ್ಷಕ್ಕೆ ತಕ್ಕಂತೆ ಕಪ್ಪು ಮಾಡಿಕೊಂಡೆ, ಹೊಟ್ಟೆಯನ್ನು ಹಂತಹಂತವಾಗಿ ಬೆಳೆಸಿದೆ. ನಾನು ಆ ಜಾಗಗಳಲ್ಲಿ ಇದ್ದವನೇ ತಾನೇ? ಕ್ಯಾಮೆರಾದ ಹಿಂದೆ ಇದ್ದವನನ್ನು ಮೂರು ಹೆಜ್ಜೆ ಮುಂದಕ್ಕೆ ತಂದೆ, ಅಷ್ಟೆ. ಇದು ಸುಳ್ಳಲ್ಲ, ವರ್ಗಾವಣೆ.

ಹನ್ನೆರಡನೆಯದು ಅವಳು ಹೊರಟ ದಿನದ್ದು, ವಿಮಾನ ನಿಲ್ದಾಣದ ಗಾಜಿನ ಬಾಗಿಲ ಎದುರು. ಅದನ್ನು ತೆಗೆದದ್ದು ನಾನಲ್ಲ, ನನ್ನ ಷಡ್ಡಕ. ಅವಳ ತಂಗಿಯ ಗಂಡ. ನಾನು ಗಾಡಿ ನಿಲ್ಲಿಸಲು ಹೋಗಿದ್ದಾಗ ತನ್ನ ಫೋನಿನಲ್ಲಿ ಒತ್ತಿದ್ದ. ಅದರಲ್ಲಿ ಅವಳು ಎದುರು ನೋಡುತ್ತಿಲ್ಲ, ಬಲಕ್ಕೆ, ರಸ್ತೆಯ ಕಡೆ ನೋಡುತ್ತಿದ್ದಾಳೆ. ಅವಳು ನೋಡುತ್ತಿದ್ದ ಕಡೆಗೇ ನನ್ನನ್ನು ನಿಲ್ಲಿಸಿದೆ. ಸುಲಭವಾಯಿತು. ಜಾಗ ಖಾಲಿಯೇ ಇತ್ತು.

ಮಾರ್ಚ್ 29, ಶನಿವಾರ

ಕಳಿಸಿಯಾಯಿತು. ಸ್ಟೇಪ್ಲರ್ ಹಿಗ್ಗಿ ಹೀರೇಕಾಯಿಯಾದ. "ಇಷ್ಟು ದಿನ ಎಲ್ಲಿಟ್ಟಿದ್ರಿ ಸಾರ್ ಇವನ್ನ? ನೋಡಿ, ನೋಡಿ, ಏನು ಜೋಡಿ!" ಅಂತ ಹದಿನಾಲ್ಕಕ್ಕೂ ಪಿನ್ನು ಹೊಡೆದ. ಒಂದು ಪಿನ್ನು ನನ್ನ ಹಣೆಗೇ ಬಿತ್ತು.

ಏಪ್ರಿಲ್ 17, ಗುರುವಾರ

ಸುದ್ದಿಯಿಲ್ಲ. ಒಬ್ಬ ಗಿರಾಕಿ ಬಂದು ತನ್ನ ಪಾಸ್‌ಪೋರ್ಟ್ ಫೋಟೋ ತನ್ನ ಹಾಗೆ ಕಾಣುವುದಿಲ್ಲ ಅಂದ. ನಿಮ್ಮ ಹಾಗೇ ಕಾಣುತ್ತೀರಿ, ಅದೇ ತೊಂದರೆ ಅಂದೆ. ಹಿಂದಕ್ಕೆ ಕೊಟ್ಟು ಹೋದ.

ಮೇ 6, ಮಂಗಳವಾರ

ಹಲ್ಕಾ ನನ್ನ ಮಕ್ಕಳು.

ಕ್ಷಮಿಸಿ ಅಧ್ಯಕ್ಷರೇ. ಇಲ್ಲ, ಕ್ಷಮಿಸುವುದು ಬೇಡ.

"ಸಲ್ಲಿಸಿರುವ ಛಾಯಾಚಿತ್ರಗಳು ಮಾರ್ಪಡಿಸಿದವುಗಳೆಂದು ಕಂಡುಬಂದಿದೆ. ನಿರ್ದಿಷ್ಟವಾಗಿ ಸಂಖ್ಯೆ ಹನ್ನೆರಡರಲ್ಲಿ, ಗಾಜಿನ ಬಾಗಿಲಿನ ಪ್ರತಿಬಿಂಬದಲ್ಲಿ ಪ್ರಾಯೋಜಕಿ ಹಾಗೂ ಚಿತ್ರ ತೆಗೆದವರು ಮಾತ್ರ ಇದ್ದು, ಅವಲಂಬಿತರು ಇರುವುದಿಲ್ಲ. ಇಬ್ಬರೂ ಪ್ರತ್ಯೇಕವಾಗಿ ಸಂದರ್ಶನಕ್ಕೆ ಹಾಜರಾಗತಕ್ಕದ್ದು. ಅಸತ್ಯ ಸಾಬೀತಾದಲ್ಲಿ ಐದು ವರ್ಷಗಳ ಕಾಲ ಮರು ಅರ್ಜಿ ಸಲ್ಲಿಸುವಂತಿಲ್ಲ."

ಪ್ರತಿಬಿಂಬ! ಇಪ್ಪತ್ತೆರಡು ವರ್ಷ ಈ ಕೈ ತಪ್ಪಿಲ್ಲ. ಸತ್ತವರಿಗೆ ನೆರಳು ಕೊಟ್ಟವನು ನಾನು, ಕನ್ನಡಕದ ಗಾಜಿನಲ್ಲಿ ಕಿಟಕಿ ಮೂಡಿಸಿದವನು ನಾನು. ಆಳೆತ್ತರದ ಗಾಜಿನ ಬಾಗಿಲಲ್ಲಿ ನನ್ನನ್ನೇ ಮೂಡಿಸುವುದು ಮರೆತೆ. ಫೋಟೋ ತೆಗೆದು ನೋಡಿದೆ. ಗಾಜಿನೊಳಗೆ ಅವಳ ಬೆನ್ನು, ಅವಳ ಎರಡು ಪೆಟ್ಟಿಗೆ, ಫೋನೆತ್ತಿ ನಿಂತ ಷಡ್ಡಕನ ಕೆಂಪು ಚೌಕಳಿ ಅಂಗಿ. ನನ್ನ ಜಾಗದಲ್ಲಿ ಆಕಾಶ.

ಐದು ವರ್ಷ ಅಂದರೆ ನನಗೆ ಐವತ್ತೊಂದು. ಅವಳಿಗೆ ನಲವತ್ತಾರು. ಅಲ್ಲಿಯವರೆಗೆ 'ಊಟ? ಆಯ್ತು. ಸರಿ.'

ಕತ್ತರಿ ಹಿಡಿದು ಆ ಪತ್ರವನ್ನು ನಾಲ್ಕು ಪಾಸ್‌ಪೋರ್ಟ್ ಅಳತೆಗೆ ಕತ್ತರಿಸಿದೆ. ಆಮೇಲೆ ಅಂಟಿಸಿದೆ. ಸಂದರ್ಶನಕ್ಕೆ ಮೂಲಪ್ರತಿ ತರಬೇಕಂತೆ.

ಮೇ 7, ಬುಧವಾರ

ಸ್ಟೇಪ್ಲರ್ ಮೊದಲ ಸಲ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ.

"ಹದಿನಾಲ್ಕೂನಾ ಸಾರ್?"

"ಹದಿನಾಲ್ಕೂ."

"ನನಗೊಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀವು ಪಿನ್ನು ಹೊಡೀತಿರಲಿಲ್ಲ."

ಹಣೆ ಉಜ್ಜಿಕೊಂಡ. ಆಮೇಲೆ ದಾರಿ ಹೇಳಿದ. ಹದಿಮೂರು ಫೋಟೋಗಳ ಮೂಲವನ್ನು ತೋರಿಸಿ, ತೆಗೆದವನು ನಾನೇ, ಆದ್ದರಿಂದ ಸೇರಿಸಿಕೊಂಡೆ ಎಂದು ಒಪ್ಪಿಕೊಳ್ಳುವುದು. ಮೂರ್ಖತನಕ್ಕೆ ಬಯ್ಯುತ್ತಾರೆ, ಬಾಗಿಲು ಮುಚ್ಚುವುದಿಲ್ಲ. ಆದರೆ ಹನ್ನೆರಡನೆಯದನ್ನು ತೆಗೆದವನು ನಾನಲ್ಲ. ಅಲ್ಲಿ ನಾನು ಇದ್ದೆ ಎಂಬುದಕ್ಕೆ ನನ್ನ ಮಾತು, ಅವಳ ಮಾತು, ಎರಡೇ. ಎರಡೂ ಒಂದೇ ಆಗಿರಬೇಕು.

"ಆವತ್ತು ಹೋಗಿದ್ರಿ ತಾನೇ?"

"ಗಾಡಿ ನಿಲ್ಸೋಕೆ ಹೋಗಿದ್ದೆ."

"ಹಂಗಾದ್ರೆ ತೊಂದ್ರೆ ಇಲ್ಲ. ಮೇಡಂಗೆ ಇವತ್ತೇ ಫೋನ್ ಮಾಡಿ, ಇಂಥ ಪ್ರಶ್ನೆ ಬರತ್ತೆ, ಹಿಂಗೆ ಹೇಳು ಅಂದ್ಬಿಡಿ. ಎರಡು ನಿಮಿಷದ ಮಾತು."

ಎರಡು ನಿಮಿಷದ ಮಾತು ಎಂದು ಹೇಳಲು ಅವನಿಗೇನು.

ಮೇ 8, ಗುರುವಾರ

ಫೋನು ಮಾಡಿದೆ. ಹೇಳಲಾಗಲಿಲ್ಲ. ಇಂಥವನ್ನು ಫೋನಿನಲ್ಲಿ ಆಡಬಾರದು, ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ? ಸುಮ್ಮನೆ ಏನಾದರೂ ಕೇಳಬೇಕಲ್ಲ ಎಂದು, ಇವತ್ತು ಕೆಲಸ ಹೇಗಿತ್ತು ಅಂದೆ.

"ಯಾಕ್ರೀ, ಹುಷಾರಿಲ್ವಾ?" ಅಂದಳು.

ಮೇ 13, ಮಂಗಳವಾರ

ಮತ್ತೆ ಮಾಡಿದೆ. ಅವಳು ನೋಡಿಕೊಳ್ಳುವವರಲ್ಲಿ ಒಬ್ಬ ಅಜ್ಜಿ ಇದ್ದಾಳಂತೆ, ತೊಂಬತ್ತೊಂದು ವಯಸ್ಸು, ಬೆಳಗ್ಗೆ ಕಂಡದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಚಮಚಗಳನ್ನೆಲ್ಲ ಕದ್ದು ದಿಂಬಿನ ಚೀಲದಲ್ಲಿ ಬಚ್ಚಿಡುತ್ತಾಳಂತೆ. ಇವಳು ತೆಗೆದು ತೊಳೆದಿಟ್ಟರೆ, ಕಳ್ಳಿ ಬಂದಿದ್ದಳು ಎಂದು ಇವಳಿಗೇ ದೂರು ಕೊಡುತ್ತಾಳಂತೆ.

"ದಿನಾ ಕೇಳ್ತಾರೆ, ನಿನ್ನ ಗಂಡ ಏನು ಮಾಡ್ತಾನೆ ಅಂತ."

"ಏನಂತೀಯ?"

"ದಿನಕ್ಕೊಂದು ಹೇಳ್ತೀನಿ. ಹೇಗೂ ಮರೀತಾರಲ್ಲ. ನಿನ್ನೆ ಹಡಗಿನಲ್ಲಿ ಕ್ಯಾಪ್ಟನ್ ಆಗಿದ್ರಿ. ಮೊನ್ನೆ ಹಲ್ಲಿನ ಡಾಕ್ಟ್ರು."

"ಫೋಟೋಗ್ರಾಫರ್ ಅಂತ ಒಂದಿನಾನೂ ಹೇಳಿಲ್ವಾ?"

"ಒಂದ್ಸಲ ಹೇಳಿದೆ. ಹಾಗಾದ್ರೆ ಅವನ ಫೋಟೋ ತೋರ್ಸು ಅಂದ್ರು. ನನ್ನ ಹತ್ರ ಇರ್ಲಿಲ್ಲ."

ಹೇಳಬೇಕಾದ ಮಾತು ಇವತ್ತೂ ಆಗಲಿಲ್ಲ. ನಲವತ್ತು ನಿಮಿಷ ಮಾತಾಡಿ ಕೆಲಸದ ಮಾತೊಂದು ಆಡದೆ ಇಟ್ಟೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಮೇ 18, ಭಾನುವಾರ

ಷಡ್ಡಕನ ಮನೆಗೆ ಹೋದೆ. ಅವನೂ ಒಂದು ಹೇಳಿಕೆ ಬರೆದುಕೊಡಲಿ ಎಂದು. ಕಾರಿನ ಬಾನೆಟ್ ಎತ್ತಿಕೊಂಡು ಎಣ್ಣೆ ನೋಡುತ್ತಿದ್ದ.

"ಬರ್ಕೊಡ್ತೀನಿ ಅಣ್ಣಾ, ಅದಕ್ಕೇನಂತೆ. ಗಾಡಿ ನಿಲ್ಸೋಕೆ ಹೋಗಿದ್ರಿ ಅಂತ ತಾನೇ?"

"ಹೌದು."

"ಆಯ್ತು." ಕೈ ಒರೆಸಿಕೊಂಡು ಪೆನ್ನು ತೆಗೆದ. ಬರೆಯಲು ಹೋಗಿ ನಿಲ್ಲಿಸಿದ. "ಯಾವ ಗಾಡಿ ಅಂತ ಬರೀಲಿ?"

"ಬಾಯಿಗೆ ಬಂದಿದ್ದು ಬರಿ!" ಎಂದು ಕಿರುಚಿದೆ. ನಾದಿನಿ ಅಡುಗೆಮನೆಯಿಂದ ಓಡಿಬಂದಳು. ಅವನು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಬೈದಿದ್ದರೆ ಬೈಯಬಹುದಿತ್ತು. "ಕೂತ್ಕೊಳಿ ಅಣ್ಣಾ, ನೀರು ಕುಡೀರಿ" ಅಂದ. ಕೂರಲಿಲ್ಲ. ಹೇಳಿಕೆಯೂ ಬೇಡ, ನೀರೂ ಬೇಡ. ಸಂಬಂಧಿಕರನ್ನು ನಂಬಿ ಕೆಟ್ಟೆ.

ಮೇ 27, ಮಂಗಳವಾರ

ಅಜ್ಜಿಗೆ ನೆಗಡಿ. ಇವಳ ಜೊತೆ ಕೆಲಸ ಮಾಡುವ ಎತ್ತರದ ಹೆಂಗಸಿಗೆ ಮಗಳ ಜೊತೆ ಜಗಳ. ಇವಳಿಗೆ ಬೆಳಗಿನ ಆರಕ್ಕೆ ಶುರುವಾಗುವ ಪಾಳಿ ಇಷ್ಟವಂತೆ. ಬಸ್ಸಿನಲ್ಲಿ ಕಿಟಕಿ ಸಿಗುತ್ತದೆ. ಮೊಣಕಾಲು ನೋವು ಎಡದ್ದು, ನಾನು ಇಷ್ಟು ದಿನ ಬಲದ್ದು ಅಂದುಕೊಂಡಿದ್ದೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲವಲ್ಲ ಅಂದರೆ, ಕೇಳಿದ್ದು ಯಾವಾಗ ಅಂದಳು.

ಆ ಮಾತನ್ನು ನಾಳೆ ಹೇಳಿಯೇ ತೀರುತ್ತೇನೆ.

ಜೂನ್ 3, ಮಂಗಳವಾರ

ಹೇಳಲಿಲ್ಲ. ನಾಳೆ ನನ್ನ ಸಂದರ್ಶನ. ಮುಂದಿನ ಸೋಮವಾರ ಅವಳದು. ಸ್ಟೇಪ್ಲರ್ ಫೋನು ಮಾಡಿ "ಮೇಡಂಗೆ ಹೇಳಿದ್ರಾ?" ಅಂದ. ಹೇಳಿದೆ ಅಂದೆ. ಈಗ ಅವನಿಗೂ ಒಂದು ಸುಳ್ಳು.

ಜೂನ್ 4, ಬುಧವಾರ

ಕಾಯುವ ಕುರ್ಚಿಗೆ ಬೆನ್ನಿಲ್ಲ,
ಕಾಯಿಸುವವರಿಗೆ ಕಣ್ಣಿಲ್ಲ.

ಎರಡು ಗಂಟೆ ಕೂರಿಸಿದರು. ಎದುರಿನ ಸಾಲಿನಲ್ಲಿ ಒಂದು ಎಳೆಯ ಜೋಡಿ, ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ ಬಾಯಿಪಾಠ ಮಾಡುತ್ತಿದ್ದರು. "ನನಗೆ ಇಷ್ಟದ ಬಣ್ಣ?" "ನೀಲಿ." "ಹಸಿರು ಕಣೋ!" ಆ ಹುಡುಗಿಯ ಕಣ್ಣಲ್ಲಿ ನೀರು. ಬಣ್ಣಕ್ಕಾಗಿ ಅಳಿಸುವ ಸರ್ಕಾರಕ್ಕೆ ಏನು ಹೇಳುವುದು.

ಅಧಿಕಾರಿ ಹೆಂಗಸು. ನನ್ನಷ್ಟೇ ವಯಸ್ಸು, ಕತ್ತಿಗೆ ಕನ್ನಡಕದ ದಾರ. ಮೇಜಿನ ಮೇಲೆ ನನ್ನ ಹದಿನಾಲ್ಕು ಅವತಾರಗಳು ಸಾಲಾಗಿ.

"ಇದನ್ನೆಲ್ಲ ನೀವೇ ಮಾಡಿದ್ದಾ?"

"ಹೌದು."

"ಯಾಕೆ?"

"ನೀವು ಒಟ್ಟಿಗಿರೋ ಫೋಟೋ ಕೇಳಿದ್ರಿ. ನಾವು ಒಟ್ಟಿಗಿದ್ವಿ. ಫೋಟೋ ಮಾತ್ರ ಇರ್ಲಿಲ್ಲ."

ಮೂಲಗಳನ್ನು ತೋರಿಸಿದೆ, ಮರಳಿನ ಮೇಲಿನ ಮೂರು ಕಾಲಿನ ನೆರಳನ್ನೂ ತೋರಿಸಿದೆ. ನಗು ಬಂತೋ ಕೆಮ್ಮು ಬಂತೋ, ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಹೆಂಡತಿಯ ದಿನಚರಿ ಹೇಳಿ ಅಂದರು. ಹೇಳಿದೆ. ಆರು ಗಂಟೆಯ ಪಾಳಿ, ಬಸ್ಸಿನ ಕಿಟಕಿ, ಎಡ ಮೊಣಕಾಲು, ಎತ್ತರದ ಗೆಳತಿ, ಗೆಳತಿಯ ಮಗಳು, ಅಜ್ಜಿ, ಅಜ್ಜಿಯ ದಿಂಬು, ಚಮಚ, ಹಡಗಿನ ಕ್ಯಾಪ್ಟನ್. "ಸಾಕು, ಸಾಕು" ಎಂದು ಕೈ ತೋರಿಸಿದರು. ಕೇಳಿದ್ದೇ ಅವರು, ಹೇಳುವಾಗ ತಡೆದದ್ದೂ ಅವರೇ. ನೋಡಿ ದರ್ಪ!

ಕೊನೆಗೆ ಹನ್ನೆರಡನೆಯದನ್ನು ಮುಂದಕ್ಕೆ ತಳ್ಳಿದರು.

"ಇದನ್ನ ತೆಗೆದದ್ದು ನೀವಲ್ಲ."

"ಅಲ್ಲ. ಷಡ್ಡಕ."

"ನೀವು ಆವತ್ತು ಅಲ್ಲಿದ್ರಾ?"

"ಇದ್ದೆ."

"ಫೋಟೋ ತೆಗೆದಾಗ ಎಲ್ಲಿದ್ರಿ?"

"ಗಾಡಿ ನಿಲ್ಸೋಕೆ ಹೋಗಿದ್ದೆ."

ಬರೆದುಕೊಂಡರು. ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಹೆಂಡತಿಗೂ ಇದನ್ನೇ ಕೇಳ್ತೀವಿ. ಗೊತ್ತಲ್ಲ?"

ಗೊತ್ತು.

ಜೂನ್ 8, ಭಾನುವಾರ

ನಾಲ್ಕು ಸಲ ನಂಬರು ಒತ್ತಿದೆ, ನಾಲ್ಕು ಸಲವೂ ಅಳಿಸಿದೆ. ಐದನೆಯ ಸಲ ಅವಳೇ ಮಾಡಿದಳು. ನಾಳೆಗೆ ಯಾವ ಸೀರೆ ಉಡಲಿ ಅಂದಳು. ಬೂದಿ ಬಣ್ಣದ್ದು, ಅದು ನಿನಗೆ ಒಪ್ಪುತ್ತದೆ ಅಂದೆ.

"ಬೂದಿ ಬಣ್ಣದ್ದು ಫೋಟೋದಲ್ಲಿ ಸತ್ತು ಹೋಗತ್ತೆ ಅಂತಿದ್ರಿ."

"ಫೋಟೋ ಯಾರು ತೆಗೀತಾರೆ ಅಲ್ಲಿ."

"ಬೇರೇನಾದ್ರೂ ಹೇಳೋದಿತ್ತಾ?" ಅಂದಳು.

"ಇಲ್ಲ. ಹುಷಾರಾಗಿ ಹೋಗಿ ಬಾ."

ಜೂನ್ 9, ಸೋಮವಾರ

ಫೋನು ಬರಲಿಲ್ಲ. ಒಬ್ಬ ಗಿರಾಕಿಯ ಅರ್ಧ ಕಿವಿ ಕತ್ತರಿಸಿ ಪ್ರಿಂಟು ಹಾಕಿದೆ.

ಜೂನ್ 11, ಬುಧವಾರ

ಇವಳು ಮಧ್ಯಾಹ್ನ ಫೋನು ಮಾಡಿದಳು. ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಫ್ಯಾನು ಆರಿಸಿ ಕೇಳಿಸಿಕೊಂಡೆ.

"ಎಲ್ಲ ಕೇಳಿದ್ರು ರೀ. ಮೊಣಕಾಲು ಯಾವುದು ಅಂತ ಕೂಡ ಕೇಳಿದ್ರು. ನೀವು ಹೇಳಿದ್ರಂತೆ."

"ಹೂಂ."

"ಆ ಫೋಟೋನೂ ಕೇಳಿದ್ರು. ಹೊರಟ ದಿನದ್ದು."

ಗಿರಾಕಿಗಳ ಸ್ಟೂಲು ಎಳೆದುಕೊಂಡು ಕೂತೆ.

"ಇದ್ರು ಅಂದೆ. ಎಲ್ಲಿದ್ರು ಅಂದ್ರು. ಗಾಡಿ ನಿಲ್ಸೋಕೆ ಹೋಗಿದ್ರು ಅಂದೆ."

"ನೀನು... ನಿನಗೆ ಯಾರು..."

"ನಿಮ್ಮ ಷಡ್ಡಕ ಆವತ್ತು ಅಲ್ಲಿ ನನಗೆ ಹೇಳಿದ್ದು ಅದನ್ನೇ ತಾನೇ? ಬಂದ್ರು, ಈಗ ಬಂದ್ರು, ಗಾಡಿ ನಿಲ್ಸೋಕೆ ಹೋಗಿದಾರೆ ಅತ್ತಿಗೆ ಅಂತ. ಪಾಪ, ಕಾರಿನ ಕೀಲೀನ ಬೆರಳಲ್ಲಿ ತಿರುಗಿಸ್ತಾ ಹೇಳ್ತಿದ್ದ. ನಾನು ಕೀಲೀನೇ ನೋಡ್ತಾ ನಿಂತಿದ್ದೆ. ನಲವತ್ತು ನಿಮಿಷ."

ಅವಳ ಹಿಂದೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು.

"ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ."

"ಸರಿ, ಇಡ್ತೀನಿ. ಅಜ್ಜಿ ಕರೀತಿದಾರೆ. ಊಟ ಮಾಡಿ."

ಬೈಯಬೇಕಿತ್ತು. ಎರಡೂವರೆ ವರ್ಷದಲ್ಲಿ ಒಂದು ದಿನವಾದರೂ ಬಾಯಿಗೆ ಬಂದ ಹಾಗೆ ಬೈಯಬೇಕಿತ್ತು. ನಾನು ಅದಕ್ಕೆ ಉತ್ತರ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ, ಒಂದಲ್ಲ, ಹತ್ತು. ಬೈಯದೆ ಒಳಗೇ ಇಟ್ಟುಕೊಂಡು, ದಿನಾ ಊಟ ಆಯ್ತಾ ಎಂದು ಕೇಳಿಕೊಂಡು, ಕೊನೆಗೆ ನನ್ನ ಸುಳ್ಳನ್ನು ಅಷ್ಟು ದೊಡ್ಡ ಕಚೇರಿಯಲ್ಲಿ ತಾನು ಹೊತ್ತಳಲ್ಲ, ಯಾರು ಹೇಳಿದ್ದರು ಇವಳಿಗೆ ಹೊರು ಎಂದು? ಸಿಟ್ಟು ನೆತ್ತಿಗೇರಿದೆ. ಬೆಳಕಿನ ಛತ್ರಿಯನ್ನು ಒದ್ದೆ. ಬಲ್ಬು ಒಡೆಯಿತು.

ಜೂನ್ 12, ಗುರುವಾರ

ಷಡ್ಡಕನ ಮನೆಗೆ ಹೋಗಿ ನೀರು ಕುಡಿದು ಬಂದೆ.

ಜೂನ್ 30, ಸೋಮವಾರ

ಮಂಜೂರಾಗಿದೆ.

"ಪ್ರಾಯೋಜಕಿ ಹಾಗೂ ಅವಲಂಬಿತರು ಪ್ರತ್ಯೇಕವಾಗಿ ನೀಡಿದ ಹೇಳಿಕೆಗಳು, ವಿಶೇಷವಾಗಿ ಸಂಖ್ಯೆ ಹನ್ನೆರಡರ ಸಂಬಂಧ, ಪರಸ್ಪರ ತಾಳೆಯಾಗುತ್ತವೆ. ದಾಂಪತ್ಯವು ನೈಜವೆಂದು ತೃಪ್ತಿಯಾಗಿದೆ." ಮೂರು ತಿಂಗಳೊಳಗೆ ಹೊರಡಬೇಕು.

ಸ್ಟೇಪ್ಲರ್ ಅಪ್ಪಿಕೊಂಡ. "ನಾನು ಹೇಳಿರ್ಲಿಲ್ವಾ ಸಾರ್, ಎರಡು ನಿಮಿಷದ ಮಾತು ಅಂತ!"

ಹದಿಮೂರು ನಿಜವನ್ನು ನಂಬಲು ಇವರಿಗೆ ನಾಲ್ಕು ತಿಂಗಳು ಬೇಕಾಯಿತು. ನಂಬಿದ್ದು ಯಾವುದರಿಂದ ನೋಡಿ! ಇಂಥ ಕಚೇರಿಗೆ ಏನು ಹೇಳಬೇಕು, ಇಂಥ ಕುರುಡರಿಗೆ, ಇಂಥ...

ಇವಳಿಗೆ ಫೋನು ಮಾಡಿ ಹೇಳಿದೆ. "ಬಂದ್ರೆ ಬಸ್ ಹತ್ತಿ ಬರ್ತೀನಿ ನಿಲ್ದಾಣಕ್ಕೆ, ಪಾಳಿ ಬದಲಾಯಿಸ್ಕೋತೀನಿ" ಅಂದಳು. ಬಂದರೆ ಅಂದಳು. ಬಂದಾಗ ಅನ್ನಲಿಲ್ಲ.

ಜುಲೈ 2, ಬುಧವಾರ

ಅಧ್ಯಕ್ಷರೇ, ಅತಿಥಿಗಳೇ, ಎಲ್ಲರೂ ಎದ್ದು ಹೋಗಿ. ದೀಪ ಆರಿಸಿಕೊಂಡು ಹೋಗಿ.

ಗಾಡಿ ಇರಲಿಲ್ಲ. ನಾನೂ ಇರಲಿಲ್ಲ. ಅವಳು ಹೊರಟ ದಿನ ಬೆಳಗ್ಗೆ, ಒಂದು ಅರ್ಜೆಂಟ್ ಆರ್ಡರ್ ಇದೆ, ಮುಗಿಸಿ ನೇರ ನಿಲ್ದಾಣಕ್ಕೆ ಬರುತ್ತೇನೆ ಎಂದು ಹೇಳಿ ಮನೆ ಬಿಟ್ಟೆ. ಆರ್ಡರೂ ಇರಲಿಲ್ಲ. ಸ್ಟುಡಿಯೋ ಒಳಗೆ ಹೋಗಿ ಶಟರ್ ಎಳೆದುಕೊಂಡು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತೆ. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಷಡ್ಡಕ ಕಾರು ನಿಲ್ಲಿಸಿ ಬಂದು ಶಟರ್ ಬಡಿದ, ಅಣ್ಣಾ ಅಣ್ಣಾ ಎಂದು ಕೂಗಿದ. ಉಸಿರು ಬಿಗಿಹಿಡಿದು ಕೂತಿದ್ದೆ. ಅವನ ಹಿಂದೆ ಅವಳ ಚಪ್ಪಲಿಯ ಸದ್ದೂ ಕೇಳಿಸಿತು. ಅಷ್ಟು ಹತ್ತಿರ ಇದ್ದಳು. ಆಮೇಲೆ ಫೋನು ಏಳು ಸಲ ಹೊಡೆದುಕೊಂಡಿತು, ಏಳೂ ಅವಳದೇ. ಎತ್ತಲಿಲ್ಲ. ನಾನು ಹೋಗದಿದ್ದರೆ ಅವಳೂ ಹೋಗುವುದಿಲ್ಲ ಅಂದುಕೊಂಡಿದ್ದೆ.